ಒಂದೇ ಬಾಟಲಿ ಕೊಬ್ಬರಿ ಎಣ್ಣೆ, ಎರಡು ಬೇರೆ ಬೇರೆ ರಾಮನ್ ಸ್ಪೆಕ್ಟ್ರಮ್. ಯಾಕೆ ಹೀಗೆ?

ಕೊನೆಬೆಂಚು_ಕೆಮಿಸ್ಟ್ರಿ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೆಮಿಸ್ಟ್ರಿ ಕೊನೆ ವರ್ಷ. ಪ್ರಾಜೆಕ್ಟ್‌ಗೆ ಅಡುಗೆ ಎಣ್ಣೆಗಳ ರಾಮನ್ ಸ್ಪೆಕ್ಟ್ರೋಸ್ಕೋಪಿ (ಲೇಸರ್ ಬೆಳಕು ಚದುರುವಾಗ ಬಣ್ಣ ಎಷ್ಟು ಬದಲಾಯಿತು ಅಂತ ನೋಡಿ ಅಣುವಿನ ಕಂಪನ ತಿಳಿಯೋದು) ತಗೊಂಡಿದ್ದೇನೆ, ಕಲಬೆರಕೆ ಹಿಡಿಯೋಕೆ ಆಗುತ್ತದಾ ನೋಡೋಣ ಅಂತ. ನಮ್ಮ ಕಾಲೇಜಿನಲ್ಲಿ ಆ ಉಪಕರಣ ಇಲ್ಲ. ಬೇರೆ ಊರಿನ ಒಂದು ಲ್ಯಾಬ್‌ಗೆ ಹೋಗಿ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮೂರರದ್ದೂ 785 ನ್ಯಾನೋಮೀಟರ್ ಲೇಸರ್‌ನಲ್ಲಿ ತೆಗೆಸಿಕೊಂಡು ಬಂದೆ.

ತಲೆನೋವು ಕೊಬ್ಬರಿ ಎಣ್ಣೆಯದ್ದು. ಸಂಜೆ ಒಮ್ಮೆ ತೆಗೆದೆವು. ಬಾಟಲಿಯನ್ನು ಅಲ್ಲೇ ಎಸಿ ರೂಮಿನ ಟೇಬಲ್ ಮೇಲೆ ಬಿಟ್ಟು ಹೋಗಿ, ಬೆಳಿಗ್ಗೆ ಅದೇ ಬಾಟಲಿಯಿಂದ ಮತ್ತೆ ತೆಗೆದೆವು. ಎರಡೂ ಒಂದೇ ಥರ ಇರಬೇಕು ಅಲ್ವಾ? ಇಲ್ಲ! ಸಂಜೆಯದ್ದರಲ್ಲಿ 1080ರ ಹತ್ತಿರ ಒಂದು ಅಗಲ ದಿಬ್ಬ ಇತ್ತು. ಬೆಳಗಿನದ್ದರಲ್ಲಿ ಆ ದಿಬ್ಬ ಕುಗ್ಗಿ 1063 ಮತ್ತು 1130ರಲ್ಲಿ ಎರಡು ಚೂಪು ಪೀಕ್ ಎದ್ದಿವೆ, 1300ರ ಪೀಕ್ ಕೂಡ ಸಪೂರ ಆಗಿದೆ. (ಎಲ್ಲ ಸಂಖ್ಯೆಗಳೂ ವೇವ್‌ನಂಬರ್, ಅಂದರೆ ಸೆಂಟಿಮೀಟರ್ ಇನ್ವರ್ಸ್.) ಉಪಕರಣದ ದೋಷ ಅನ್ನೋಣ ಅಂದರೆ ಸಿಲಿಕಾನ್ ಚೂರಿನ ಪೀಕ್ ಎರಡು ಸಲವೂ 520ರ ಹತ್ತಿರ ಇರಬೇಕಾದ ಜಾಗದಲ್ಲೇ ಇತ್ತು. ಗೈಡ್ ಕೇಳಿದರೆ "ಏನೋ ಕಲಬೆರಕೆ ಆಗಿರಬೇಕು, ಮತ್ತೆ ಹೋಗಿ ಬಾ" ಅಂದರು.

ಇದರ ಜೊತೆಗೆ ಇನ್ನೂ ಕೆಲವು ಅನುಮಾನಗಳು. ವೈವಾದಲ್ಲಿ ಖಂಡಿತ ಕೇಳುತ್ತಾರೆ. 1655 ಅಂದರೆ ಇಂಗಾಲದ ಡಬಲ್ ಬಾಂಡ್ ಅಂತ ಟೇಬಲ್ ನೋಡಿ ಬರೆದಿದ್ದೇನೆ, ಆದರೆ ಆ ಟೇಬಲ್ ಮಾಡಿದವರಿಗೆ ಹೇಗೆ ಗೊತ್ತಾಯಿತು? ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ) ಕೂಡ ಕಂಪನವನ್ನೇ ತೋರಿಸುತ್ತದೆ, ಅದು ನಮ್ಮ ಕಾಲೇಜಿನಲ್ಲೇ ಇದೆ, ಹಾಗಿದ್ದರೆ ಲೇಸರ್ ಯಾಕೆ ಬೇಕು? ಪುಸ್ತಕದಲ್ಲಿ 'ವರ್ಚುವಲ್ ಸ್ಟೇಟ್' ಅಂತ ಚುಕ್ಕೆ ಗೆರೆ ಹಾಕಿರುತ್ತಾರಲ್ಲ, ಅಣು ನಿಜವಾಗಿ ಅಲ್ಲಿಗೆ ಹೋಗುತ್ತದಾ? ಇನ್ನೊಂದು, ಅದೇ ಲ್ಯಾಬ್‌ನಲ್ಲಿ ಕಡಲೆಕಾಯಿ ಎಣ್ಣೆಯನ್ನು 532ರ ಹಸಿರು ಲೇಸರ್‌ಗೆ ಇಟ್ಟಾಗ ಪೀಕ್ ಬದಲು ಗುಡ್ಡದ ಥರ ಏನೋ ಬಂತು. ಯಾಕೆ?

ಚದುರಿದ_ಬೆಳಕು

ಬೆಳಿಗ್ಗೆ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿತ್ತಾ?

ಕೊನೆಬೆಂಚು_ಕೆಮಿಸ್ಟ್ರಿ

ಹೌದು, ಬೆಳ್ಳಗೆ ಹೆಪ್ಪುಗಟ್ಟಿತ್ತು. ಹಾಗೇ ಲೇಸರ್ ಕೆಳಗೆ ಇಟ್ಟೆವು. ಆದರೆ ಅದರಿಂದ ಏನು? ಅಣು ಅದೇ ತಾನೇ?

ಚದುರಿದ_ಬೆಳಕು

ಹಾಗಾದರೆ ಮತ್ತೆ ಬಸ್ ಹತ್ತೋದು ಬೇಡ. ಕಲಬೆರಕೆ ಏನೂ ಆಗಿಲ್ಲ. ನಿಮಗೆ ಸಿಕ್ಕಿರೋದು ಆ ಪ್ರಾಜೆಕ್ಟ್‌ನ ಅತಿ ಚೆಂದದ ಡೇಟಾ, ಅದನ್ನು ಬಿಸಾಡಬೇಡಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಎಸಿ ರೂಮು ಅದಕ್ಕಿಂತ ತಣ್ಣಗಿತ್ತು. ಎಣ್ಣೆಯೊಳಗೆ ಜಾಸ್ತಿ ಇರೋದು ಲಾರಿಕ್ ಆಮ್ಲದ ಸರಪಳಿ, 12 ಇಂಗಾಲ ಉದ್ದದ್ದು. ದ್ರವವಾಗಿದ್ದಾಗ ಆ ಸರಪಳಿ ಸುಮ್ನೆ ಇರುವುದಿಲ್ಲ. ಒಂದೊಂದು ಸಿಂಗಲ್ ಬಾಂಡ್‌ನ ಸುತ್ತ ತಿರುಚಿಕೊಳ್ಳುತ್ತಲೇ ಇರುತ್ತದೆ. ಒಂದು ಕಡೆ ನೇರ, ಇನ್ನೊಂದು ಕಡೆ ಸೊಟ್ಟ. ಈ ಸೊಟ್ಟ ಇರುವುದಕ್ಕೆ ಗಾಶ್ ಅನ್ನುತ್ತಾರೆ, ಓದಿರುತ್ತೀರಿ. ಪ್ರತಿಯೊಂದು ಅಣುವೂ ಬೇರೆ ಬೇರೆ ರೀತಿ ಸೊಟ್ಟಗಿರುವುದರಿಂದ ಇಂಗಾಲ-ಇಂಗಾಲ ಎಳೆದಾಟದ ಆವರ್ತನವೂ ಸ್ವಲ್ಪ ಸ್ವಲ್ಪ ಬೇರೆ. ಎಲ್ಲ ಸೇರಿ 1080ರ ಹತ್ತಿರ ಅಗಲ ದಿಬ್ಬ. ಹೆಪ್ಪುಗಟ್ಟಿದಾಗ ಸರಪಳಿಗಳೆಲ್ಲ ನೆಟ್ಟಗೆ ಅಂಕುಡೊಂಕು ಗೆರೆಯಾಗಿ ಒಂದರ ಪಕ್ಕ ಒಂದು ಜೋಡಿಸಿಕೊಳ್ಳುತ್ತವೆ. ಆಗ ಇಡೀ ಸರಪಳಿ ಒಟ್ಟಿಗೆ ಕಂಪಿಸಬಹುದು. ಆ ಸಾಮೂಹಿಕ ಕಂಪನದ್ದೇ 1063 ಮತ್ತು 1130. 1300ರದ್ದು ಸಿಎಚ್2 ಗುಂಪಿನ ತಿರುಚಾಟ, ಅದೂ ಅದೇ ಕಾರಣಕ್ಕೆ ಸಪೂರವಾಗಿದೆ.

ಅಣು ಅದೇ ತಾನೇ ಅಂದಿರಲ್ಲ, ಬಾಂಡ್‌ಗಳ ಪಟ್ಟಿ ಅದೇ, ಆದರೆ ಆಕಾರ ಅದಲ್ಲ. ಯಾವ ಬಾಂಡ್ ಇದೆ ಅಂತ ಹೇಳೋದು ಸ್ಪೆಕ್ಟ್ರಮ್‌ನ ಅರ್ಧ ಕೆಲಸ ಮಾತ್ರ. ಆ ಬಾಂಡ್ ಯಾವ ಭಂಗಿಯಲ್ಲಿದೆ, ಪಕ್ಕದಲ್ಲಿ ಯಾರಿದ್ದಾರೆ, ಎಷ್ಟು ಬಿಗಿಯಾಗಿ ಕೂತಿದ್ದಾರೆ, ಇದೆಲ್ಲ ಪೀಕ್‌ನ ಜಾಗ, ಅಗಲ, ಎತ್ತರದಲ್ಲಿ ಇರುತ್ತದೆ. ಜೀವಕೋಶದ ಪೊರೆ ಯಾವ ಉಷ್ಣತೆಯಲ್ಲಿ ಬಿಗಿ, ಯಾವಾಗ ಸಡಿಲ ಅಂತ ನೋಡುವವರು ದಶಕಗಳಿಂದ ಇದೇ 1063, 1080, 1130 ಮೂರನ್ನೇ ನೋಡುತ್ತಾ ಬಂದಿದ್ದಾರೆ. ಅಲ್ಲೂ ಇರೋದು ಕೊಬ್ಬಿನ ಸರಪಳಿಗಳೇ.

ವರ್ಚುವಲ್ ಸ್ಟೇಟ್ ವಿಷಯ. ಅಣು ಅಲ್ಲಿಗೆ ಹೋಗಿ ಕೂತು ವಾಪಸ್ ಬರುವುದಿಲ್ಲ. ಆ ಚುಕ್ಕೆ ಗೆರೆ ಇಲ್ಲದಿದ್ದರೆ ಹುಡುಗರಿಗೆ ಎಷ್ಟೋ ಗೊಂದಲ ಕಡಿಮೆ ಆಗುತ್ತಿತ್ತು ಅಂತ ನನಗನ್ನಿಸುತ್ತದೆ. ನಡೆಯೋದು ಇಷ್ಟು: ಬೆಳಕಿನ ವಿದ್ಯುತ್ ಕ್ಷೇತ್ರ ಅಣುವಿನ ಎಲೆಕ್ಟ್ರಾನ್ ಮೋಡವನ್ನು ಅತ್ತಿತ್ತ ಎಳೆಯುತ್ತದೆ. ಎಷ್ಟು ಸುಲಭಕ್ಕೆ ಎಳೆಯಬಹುದು ಅನ್ನೋದಕ್ಕೆ ಪೋಲರೈಸಬಿಲಿಟಿ ಅನ್ನುತ್ತಾರೆ. ಅಣು ತಾನೇ ಕಂಪಿಸುತ್ತಿರುವಾಗ ಈ ಪೋಲರೈಸಬಿಲಿಟಿ ಕೂಡ ಅದೇ ತಾಳಕ್ಕೆ ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ಚದುರಿ ಹೊರಬರುವ ಬೆಳಕಿನಲ್ಲಿ ಲೇಸರ್ ಆವರ್ತನದ ಜೊತೆ, ಅದರಿಂದ ಕಂಪನದ ಆವರ್ತನವನ್ನು ಕಳೆದದ್ದು ಮತ್ತು ಕೂಡಿದ್ದು ಎರಡೂ ಇರುತ್ತವೆ. ನಿಮ್ಮದೇ ಲೆಕ್ಕ ತಗೊಳ್ಳಿ. 785 ನ್ಯಾನೋಮೀಟರ್ ಅಂದರೆ 12739 ವೇವ್‌ನಂಬರ್. ಅದರಲ್ಲಿ 1440 ಕಳೆದರೆ 11299, ಅಂದರೆ 885 ನ್ಯಾನೋಮೀಟರ್. ಡಿಟೆಕ್ಟರ್ ನಿಜವಾಗಿ ನೋಡಿದ್ದು ಆ 885ರ ಬೆಳಕನ್ನು, ಕಂಪ್ಯೂಟರ್ ಕಳೆಯುವ ಲೆಕ್ಕ ಮಾಡಿ 1440 ಅಂತ ಬರೆಯಿತು. ಅದೂ ಎಷ್ಟು ಬೆಳಕು? ಸುಮಾರು ಒಂದು ಕೋಟಿ ಫೋಟಾನ್ ಚದುರಿದರೆ ಒಂದು ಹೀಗೆ ಬಣ್ಣ ಬದಲಿಸಿ ಬರುತ್ತದೆ. ಉಳಿದದ್ದೆಲ್ಲ ಹೋದ ಬಣ್ಣದಲ್ಲೇ ಬರುತ್ತದೆ.

ಲೇಸರ್ ಯಾಕೆ ಬೇಕು ಅನ್ನೋದಕ್ಕೂ ಇದೇ ಉತ್ತರ. ಆದರೆ ಲೇಸರ್ ಇಲ್ಲದೆಯೇ ಇದನ್ನು ಕಂಡುಹಿಡಿದರು ಅನ್ನೋದು ಈಗಲೂ ನನಗೆ ನಂಬೋಕೆ ಕಷ್ಟ. 1928ರ ಫೆಬ್ರವರಿ 28, ಕೋಲ್ಕತ್ತ, ರಾಮನ್ ಮತ್ತು ಕೆ.ಎಸ್. ಕೃಷ್ಣನ್. ಮೊದಲು ಸೂರ್ಯನ ಬೆಳಕು ಮತ್ತು ಬಣ್ಣದ ಗಾಜು, ಆಮೇಲೆ ಪಾದರಸದ ದೀಪ, ಅದರ 435.8 ನ್ಯಾನೋಮೀಟರ್‌ನ ನೀಲಿ ಗೆರೆ. ಫೋಟೋ ಪ್ಲೇಟ್ ಮೇಲೆ ಗೆರೆ ಮೂಡೋಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಅದೇ ವರ್ಷ ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು ಈ ಹೊಸ ಬೆಳಕಿನ ಬಗ್ಗೆ ರಾಮನ್ ಉಪನ್ಯಾಸ ಕೊಟ್ಟರು. 1930ಕ್ಕೆ ನೊಬೆಲ್. ಲೇಸರ್ ಹುಟ್ಟಿದ್ದೇ 1960ರಲ್ಲಿ. ಅದಾದ ಎರಡೇ ವರ್ಷಕ್ಕೆ ಮಾಣಿಕ್ಯದ ಲೇಸರ್ ಇಟ್ಟುಕೊಂಡು ರಾಮನ್ ಸ್ಪೆಕ್ಟ್ರಮ್ ತೆಗೆದರು. ಒಂದೇ ಬಣ್ಣ, ಒಂದೇ ದಿಕ್ಕು, ಕೂದಲಿಗಿಂತ ಸಣ್ಣ ಜಾಗಕ್ಕೆ ಅಷ್ಟೂ ಬೆಳಕನ್ನು ಗುರಿಯಿಡಬಹುದು. ಕೋಟಿಗೊಂದು ಬರುವ ಕೆಲಸಕ್ಕೆ ಇನ್ನೇನು ಬೇಕು?

ಶಿವಮೊಗ್ಗ_ಮೇಷ್ಟ್ರು

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಟೇಬಲ್ ಮತ್ತು ಐಆರ್ ಪ್ರಶ್ನೆಗೆ ನಾನು ಹೇಳುತ್ತೇನೆ, ನಾನು ಪಾಠ ಮಾಡೋದು ಇದನ್ನೇ.

ಟೇಬಲ್ ಆಕಾಶದಿಂದ ಬಿದ್ದಿದ್ದಲ್ಲ. ಬೇರೆ ಬೇರೆ ಕಡೆಯಿಂದ ಸಾಕ್ಷಿ ಸೇರಿಸಿ ಕಟ್ಟಿದ್ದು. ಸುಲಭದ್ದು ಮೊದಲು. ಈಥೇನ್‌ನ ಇಂಗಾಲ-ಇಂಗಾಲ ಎಳೆದಾಟ ಸುಮಾರು 993. ಎಥಿಲೀನ್‌ಗೆ 1623. ಅಸಿಟಿಲೀನ್‌ಗೆ 1974. ಮೂರರಲ್ಲೂ ಎರಡು ಇಂಗಾಲಗಳೇ, ಆದರೆ ನಡುವಿನ ಬಾಂಡ್ ಒಂದು, ಎರಡು, ಮೂರು ಆಗುತ್ತಾ ಹೋದ ಹಾಗೆ ಸ್ಪ್ರಿಂಗ್ ಗಟ್ಟಿ, ಕಂಪನ ಜೋರು. ಹೀಗಿರುವಾಗ ಎಣ್ಣೆಯಲ್ಲಿ 1655 ಬಂದರೆ ಅದು ಎಲ್ಲಿ ಸೇರಬೇಕು ಅಂತ ಊಹೆ ಮಾಡಬಹುದು. ಆದರೆ ಊಹೆ ಸಾಕಾಗೋದಿಲ್ಲ.

ಗಟ್ಟಿ ಸಾಕ್ಷಿ ಐಸೋಟೋಪ್, ಅಂದರೆ ಅದೇ ಧಾತು, ತೂಕ ಮಾತ್ರ ಬೇರೆ. ನೀರಿನ ಓಎಚ್ ಎಳೆದಾಟ 3400ರ ಸುತ್ತ ಅಗಲವಾಗಿ ಬರುತ್ತದೆ. ಹೈಡ್ರೋಜನ್ ತೆಗೆದು ಡ್ಯುಟೀರಿಯಮ್ ಹಾಕಿ, ಅಂದರೆ ಭಾರಜಲ. ಪೀಕ್ 2500ರ ಸುತ್ತಕ್ಕೆ ಇಳಿಯುತ್ತದೆ. ಬಾಂಡ್ ಅದೇ, ತೂಕ ಮಾತ್ರ ಎರಡು ಪಟ್ಟು. ಯಾವ ಪೀಕ್ ಜಾರಿತೋ ಆ ಕಂಪನದಲ್ಲಿ ಹೈಡ್ರೋಜನ್ ಪಾಲಿದೆ, ಜಾರದೆ ಇದ್ದದ್ದರಲ್ಲಿ ಇಲ್ಲ. ಇದಕ್ಕೆ ಎದುರು ಮಾತಾಡೋಕೆ ಆಗಲ್ಲ.

ಇನ್ನೊಂದು ಸಾಕ್ಷಿ ಪೋಲರೈಸೇಶನ್. ಲೇಸರ್ ಬೆಳಕು ಒಂದೇ ದಿಕ್ಕಿನಲ್ಲಿ ಅಲುಗುತ್ತಿರುತ್ತದೆ. ಚದುರಿ ಬಂದ ಬೆಳಕು ಅದೇ ದಿಕ್ಕು ಉಳಿಸಿಕೊಂಡಿದೆಯಾ, ಅಡ್ಡ ತಿರುಗಿದೆಯಾ ಅಂತ ಒಂದು ಪೋಲರಾಯ್ಡ್ ತಿರುಗಿಸಿ ನೋಡಬಹುದು. ಕಾರ್ಬನ್ ಟೆಟ್ರಾಕ್ಲೋರೈಡ್ ಇದಕ್ಕೆ ಹಳೆಯ ಉದಾಹರಣೆ. 218, 314, 459ರಲ್ಲಿ ಪೀಕ್ ಇವೆ. ಪೋಲರಾಯ್ಡ್ ಅಡ್ಡ ಮಾಡಿದರೆ 459 ಹೆಚ್ಚು ಕಡಿಮೆ ಮಾಯ, ಉಳಿದ ಎರಡು ಸ್ವಲ್ಪ ಕುಗ್ಗಿ ಹಾಗೇ ನಿಲ್ಲುತ್ತವೆ. ಅಂದರೆ 459ರಲ್ಲಿ ನಾಲ್ಕೂ ಕ್ಲೋರಿನ್ ಒಟ್ಟಿಗೆ ಒಳಗೆ ಹೊರಗೆ ಉಸಿರಾಡುತ್ತಿವೆ, ಸಿಮೆಟ್ರಿ ಕೆಡುತ್ತಿಲ್ಲ. ಅಣು ಚತುರ್ಮುಖಿ ಆಕಾರದ್ದು ಅನ್ನೋದಕ್ಕೆ ಇದು ನೇರ ಸಾಕ್ಷಿ. ಒಳ್ಳೆ ಉಪಕರಣ ಇದ್ದರೆ ಆ 459ನ್ನು ಹತ್ತಿರದಿಂದ ನೋಡಿ, ಅದು ಒಂದು ಪೀಕ್ ಅಲ್ಲ. ಮೂರು ಮೂರು ವೇವ್‌ನಂಬರ್ ಅಂತರದಲ್ಲಿ ಪುಟ್ಟ ಪೀಕ್‌ಗಳ ಸಾಲು. ಕ್ಲೋರಿನ್‌ನಲ್ಲಿ 35 ಮತ್ತು 37 ಎರಡು ತೂಕದವು ಸುಮಾರು ಮೂರಕ್ಕೆ ಒಂದರಂತೆ ಇವೆಯಲ್ಲ, ಯಾವ ಅಣುವಿನಲ್ಲಿ ಎಷ್ಟು 37 ಇವೆ ಅನ್ನೋದರ ಮೇಲೆ ಪೀಕ್ ಸರಿಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಊಟದ ಬೆಲ್ ಹೊಡೆದರೂ ಏಳಲಿಲ್ಲ.

ಈಗ ಐಆರ್. ಐಆರ್‌ಗೆ ಕಂಪನದಲ್ಲಿ ಡೈಪೋಲ್ (ಅಣುವಿನ ಪ್ಲಸ್ ಮೈನಸ್ ತುದಿಗಳ ನಡುವಿನ ವ್ಯತ್ಯಾಸ) ಬದಲಾಗಬೇಕು, ರಾಮನ್‌ಗೆ ಪೋಲರೈಸಬಿಲಿಟಿ. ಗಾಳಿಯಲ್ಲಿರುವ ನೈಟ್ರೋಜನ್ ಐಆರ್‌ಗೆ ಕಾಣೋದೇ ಇಲ್ಲ, ರಾಮನ್‌ನಲ್ಲಿ 2331ರಲ್ಲಿ ನೆಟ್ಟಗೆ ನಿಂತಿರುತ್ತದೆ. ಕಾರ್ಬನ್ ಡೈ ಆಕ್ಸೈಡ್‌ನ ಅಸಮ ಎಳೆದಾಟ 2349, ಬಾಗಾಟ 667, ಎರಡೂ ಐಆರ್‌ನಲ್ಲಿ ಮಾತ್ರ. ಎರಡು ಆಮ್ಲಜನಕಗಳೂ ಸಮವಾಗಿ ಹೊರಗೆಳೆಯುವ ಕಂಪನ ರಾಮನ್‌ನಲ್ಲಿ ಮಾತ್ರ. ಅದೂ 1285, 1388 ಅಂತ ಎರಡಾಗಿ ಒಡೆದು ಬರುತ್ತದೆ, ಫರ್ಮಿ ರೆಸೊನೆನ್ಸ್ ಅಂತ ಅದರದ್ದೇ ದೊಡ್ಡ ಕಥೆ, ಈಗ ಬೇಡ. ನಡುವೆ ಸಿಮೆಟ್ರಿ ಕೇಂದ್ರ ಇರುವ ಅಣುವಿನಲ್ಲಿ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಇದನ್ನೇ ತಿರುಗಿಸಿ, ಎರಡರಲ್ಲೂ ಒಂದೂ ಸಮಾನ ಪೀಕ್ ಇಲ್ಲದಿದ್ದರೆ ಅಣುವಿಗೆ ಸಿಮೆಟ್ರಿ ಕೇಂದ್ರ ಇರಬಹುದು ಅಂತ ಅಂದಾಜು ಮಾಡುತ್ತಾರೆ. ವೈವಾದಲ್ಲಿ ಇದನ್ನು ಹೇಳಿ, ಕೇಳಿದವರೇ ಸುಮ್ಮನಾಗುತ್ತಾರೆ.

ಹಾಗಾಗಿ ಕಾಲೇಜಿನ ಐಆರ್ ಬಿಡಬೇಡಿ. ಎರಡನ್ನೂ ಪಕ್ಕ ಪಕ್ಕ ಇಡಿ.

ಡೇಟಾ_ದಾಸ

ಇಷ್ಟೆಲ್ಲ ಯಾಕೆ ಸಾರ್, ಈಗ ಸಾಫ್ಟ್‌ವೇರ್‌ನಲ್ಲೇ ಲೈಬ್ರರಿ ಬರುತ್ತದೆ. ಸ್ಪೆಕ್ಟ್ರಮ್ ಹಾಕಿದರೆ ಮ್ಯಾಚ್ ಮಾಡಿ ಹೆಸರು ಹೇಳುತ್ತದೆ. ನಮ್ಮ ಕಂಪನಿಗೆ ಬರುವ ಕಚ್ಚಾ ವಸ್ತುವನ್ನು ಡ್ರಮ್ ಬಿಚ್ಚದೆ, ಪಾಲಿಥಿನ್ ಚೀಲದ ಮೇಲಿಂದಲೇ ಕೈಯಲ್ಲಿ ಹಿಡಿಯೋ ಮೆಷಿನ್‌ನಿಂದ ಚೆಕ್ ಮಾಡುತ್ತೇವೆ. ಯಾರೂ ಪೋಲರಾಯ್ಡ್ ತಿರುಗಿಸುತ್ತಾ ಕೂರಲ್ಲ.

ಚದುರಿದ_ಬೆಳಕು

@ಡೇಟಾ_ದಾಸ ಡ್ರಮ್‌ನಲ್ಲಿ ಇರೋದು ಹೇಳಿದ ವಸ್ತುವೇ ಹೌದಾ ಅಂತ ನೋಡೋಕೆ ಅದು ಸಾಕು, ಒಪ್ಪಿದೆ. ಆದರೆ ಈ ಥ್ರೆಡ್ ಶುರುವಾದದ್ದೇ ಎಲ್ಲಿಂದ ನೋಡಿ. ಲೈಬ್ರರಿಯಲ್ಲಿ ದ್ರವ ಕೊಬ್ಬರಿ ಎಣ್ಣೆ ಇತ್ತು ಅಂದುಕೊಳ್ಳಿ, ನೀವು ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದನ್ನು ಇಟ್ಟರೆ ಮ್ಯಾಚ್ ಅಂಕ ಬೀಳುತ್ತದೆ. ಮೆಷಿನ್ "ಫೇಲ್" ಅನ್ನಬಹುದು. ಯಾಕೆ ಫೇಲ್ ಅಂತ ಅದು ಹೇಳಲ್ಲ. ಅದಕ್ಕೆ ಆ ಎರಡು ಚೂಪು ಪೀಕ್ ಏನು ಅಂತ ಗೊತ್ತಿರುವ ಒಬ್ಬ ಮನುಷ್ಯ ಬೇಕು.

ಗಾಣದ_ಮನೆ

ನಮ್ಮದು ಎಣ್ಣೆ ಟೆಸ್ಟಿಂಗ್ ಕೆಲಸವೇ, ಹಾಗಾಗಿ ಪ್ರಾಜೆಕ್ಟ್‌ಗೆ ಬೇಕಾದದ್ದನ್ನು ಹೇಳುತ್ತೇನೆ.

ಮೊದಲು, ಎಲ್ಲ ಸ್ಯಾಂಪಲ್‌ಗಳನ್ನೂ 40 ಡಿಗ್ರಿಗೆ ಬಿಸಿ ಮಾಡಿ, ಪೂರ್ತಿ ಕರಗಿದ ಮೇಲೆ ಅದೇ ಉಷ್ಣತೆಯಲ್ಲೇ ಅಳತೆ ಮಾಡಿ. ಇಲ್ಲದಿದ್ದರೆ ಕಲಬೆರಕೆ ಯಾವುದು, ಚಳಿ ಯಾವುದು ಗೊತ್ತಾಗಲ್ಲ. ಆಮೇಲೆ ಮೂರು ಪೀಕ್ ನೋಡಿ: 1440, 1655, 1745. 1440 ಸಿಎಚ್2ದ್ದು, ಯಾವ ಎಣ್ಣೆಯಲ್ಲೂ ಇರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. 1655ನ್ನು 1440ರಿಂದ ಭಾಗಿಸಿದರೆ ಎಣ್ಣೆಯಲ್ಲಿ ಡಬಲ್ ಬಾಂಡ್ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬು ಸುಮಾರು 90 ಶೇಕಡಾ ಸ್ಯಾಚುರೇಟೆಡ್ (ಸರಪಳಿಯಲ್ಲಿ ಡಬಲ್ ಬಾಂಡ್ ಇಲ್ಲದ್ದು), ಹಾಗಾಗಿ 1655 ಪುಟ್ಟದು. ಕಡಲೆಕಾಯಿಯದ್ದು ಅದಕ್ಕಿಂತ ಎತ್ತರ, ಮಾಮೂಲಿ ಸೂರ್ಯಕಾಂತಿ ಇನ್ನೂ ಎತ್ತರ, ಯಾಕೆಂದರೆ ಅದರಲ್ಲಿ ಜಾಸ್ತಿ ಇರುವ ಲಿನೋಲಿಯಿಕ್ ಆಮ್ಲಕ್ಕೆ ಎರಡೆರಡು ಡಬಲ್ ಬಾಂಡ್. ಕೊಬ್ಬರಿ ಎಣ್ಣೆಗೆ ತಾಳೆ ಎಣ್ಣೆ ಸೇರಿಸಿದ್ದರೆ ಈ ಅನುಪಾತ ಏರುತ್ತದೆ.

ಆದರೆ ಲಿಕ್ವಿಡ್ ಪ್ಯಾರಾಫಿನ್ ಸೇರಿಸಿದ್ದರೆ? ಅದರಲ್ಲಿ ಡಬಲ್ ಬಾಂಡ್ ಇಲ್ಲ, 1655 ನೋಡಿಕೊಂಡು ಕೂತರೆ ಮೋಸ ಹೋಗುತ್ತೀರಿ. ಅದಕ್ಕೆ 1745. ಅದು ಎಸ್ಟರ್‌ನ, ಅಂದರೆ ಕೊಬ್ಬಿನ ಸರಪಳಿ ಗ್ಲಿಸರಾಲ್‌ಗೆ ಅಂಟಿಕೊಳ್ಳುವ ಗಂಟಿನ, ಸಿ-ಓ ಡಬಲ್ ಬಾಂಡ್. ಕೊಬ್ಬರಿ ಎಣ್ಣೆಯ ಸರಪಳಿಗಳು ಗಿಡ್ಡ, ಹಾಗಾಗಿ ಸಿಎಚ್2ಗೆ ಹೋಲಿಸಿದರೆ ಎಸ್ಟರ್ ಪಾಲು ಬೇರೆ ಎಣ್ಣೆಗಳಿಗಿಂತ ಜಾಸ್ತಿ. ಪ್ಯಾರಾಫಿನ್‌ನಲ್ಲಿ ಎಸ್ಟರ್ ಇಲ್ಲವೇ ಇಲ್ಲ. 1745 ಕುಗ್ಗಿದರೆ ಅನುಮಾನ ಪಡಿ.

ವನಸ್ಪತಿ ಸಿಕ್ಕಿದರೆ ಅದನ್ನೂ ಇಡಿ, ಪಾಠ ಆಗುತ್ತದೆ. ಸಹಜ ಎಣ್ಣೆಯ ಡಬಲ್ ಬಾಂಡ್ ಸಿಸ್ ಆಕಾರದ್ದು (ಸರಪಳಿಯ ಎರಡೂ ತುಂಡು ಬಾಂಡ್‌ನ ಒಂದೇ ಬದಿಗೆ), 1655ರ ಹತ್ತಿರ. ಅರೆಬರೆ ಹೈಡ್ರೋಜನ್ ಸೇರಿಸಿದಾಗ ಕೆಲವು ಟ್ರಾನ್ಸ್‌ಗೆ (ಎದುರು ಬದುರು ಬದಿಗೆ) ತಿರುಗುತ್ತವೆ, ಅದು 1670ರ ಹತ್ತಿರ. ಬರೀ 15ರ ವ್ಯತ್ಯಾಸ, ಆದರೆ ದೇಹಕ್ಕೆ ಅದೇ ದೊಡ್ಡದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು 2 ಶೇಕಡಾ ಮೀರಬಾರದು ಅಂತ ನಿಯಮ ಇದೆ. ಹಾಗಾಗಿ ಈಗಿನ ಡಬ್ಬದಲ್ಲಿ 1670 ಕಾಣದೇ ಇರಬಹುದು, ಕಾಣದಿದ್ದರೆ ಒಳ್ಳೇದೇ.

ಹಸಿರು ಲೇಸರ್‌ನ ಗುಡ್ಡ ಅಂದರೆ ಫ್ಲೋರೆಸೆನ್ಸ್. ಗಾಣದ ಎಣ್ಣೆಯಲ್ಲಿ ಬೀಜದ ಬಣ್ಣದ ಅಣುಗಳು ಚೂರುಪಾರು ಉಳಿದಿರುತ್ತವೆ. ಅವು 532ರ ಬೆಳಕನ್ನು ನಿಜವಾಗಿಯೇ ನುಂಗಿ, ಸ್ವಲ್ಪ ಹೊತ್ತು ಇಟ್ಟುಕೊಂಡು, ಬೇರೆ ಬಣ್ಣದಲ್ಲಿ ಉಗುಳುತ್ತವೆ. ರಾಮನ್ ಕೋಟಿಗೆ ಒಂದು, ಇದು ಅದಕ್ಕಿಂತ ಎಷ್ಟೋ ಪಾಲು ಜೋರು. 785ಕ್ಕೆ ಹೋದರೆ ಆ ಅಣುಗಳು ನುಂಗೋದು ಕಡಿಮೆ. ಆದರೆ ಬಿಟ್ಟಿ ಏನೂ ಬರಲ್ಲ: ತರಂಗಾಂತರ ಹೆಚ್ಚಿದ ಹಾಗೆ ರಾಮನ್ ಚದುರುವಿಕೆ ಅದರ ನಾಲ್ಕನೇ ಘಾತಕ್ಕೆ ಕುಗ್ಗುತ್ತದೆ, 532ರಿಂದ 785ಕ್ಕೆ ಬಂದರೆ ಸುಮಾರು 4.7 ಪಟ್ಟು ಕಡಿಮೆ, 1064ಕ್ಕೆ ಹೋದರೆ 16 ಪಟ್ಟು. ಜೊತೆಗೆ 785ರಲ್ಲಿ ಸಿಎಚ್ ಎಳೆದಾಟ, ಅಂದರೆ 2900ರ ಜಾಗ, 1016 ನ್ಯಾನೋಮೀಟರ್‌ಗೆ ಹೋಗಿ ಬೀಳುತ್ತದೆ. ಸಿಲಿಕಾನ್ ಡಿಟೆಕ್ಟರ್ ಅಲ್ಲಿ ಅರೆಗುರುಡು.

ಮನೆಯಲ್ಲೇ_ಲ್ಯಾಬ್

ನಾನು ಇಂಜಿನಿಯರ್, ಕೆಮಿಸ್ಟ್ರಿ ಪಿಯುಸಿಗೇ ಮುಗೀತು. ಹಸಿರು ಲೇಸರ್ ಪಾಯಿಂಟರ್ ಮತ್ತು ಹಳೆ ಡಿವಿಡಿ ಇಟ್ಟುಕೊಂಡು ಮನೆಯಲ್ಲೇ ಇದನ್ನು ಮಾಡಬಹುದಾ? ಚಂದ್ರಯಾನ-3ರಲ್ಲೂ ಲೇಸರ್ ಬಿಟ್ಟು ಗಂಧಕ ಕಂಡುಹಿಡಿದರಲ್ಲ, ಅದೂ ರಾಮನ್ನೇನಾ?

ಚದುರಿದ_ಬೆಳಕು

ಚಂದ್ರನದ್ದು ರಾಮನ್ ಅಲ್ಲ. ಅದು ಲಿಬ್ಸ್, ಬೆಂಗಳೂರಿನ ಇಸ್ರೋ ಘಟಕ ಲಿಯೋಸ್‌ನಲ್ಲಿ ಮಾಡಿದ್ದು. ಜೋರಾದ ಲೇಸರ್ ಮಿಡಿತವನ್ನು ಮಣ್ಣಿಗೆ ಹೊಡೆದು ಒಂಚೂರನ್ನು ಪ್ಲಾಸ್ಮಾ ಮಾಡುತ್ತಾರೆ, ಅದರಿಂದ ಬರುವ ಬೆಳಕಿನಲ್ಲಿ ಯಾವ ಧಾತು ಇದೆ ಅಂತ ಗೊತ್ತಾಗುತ್ತದೆ. ಅಣು ಅಲ್ಲಿ ಉಳಿಯೋದೇ ಇಲ್ಲ, ಪುಡಿಪುಡಿ. ಗಂಧಕ ಇದೆ ಅನ್ನಬಹುದು, ಯಾವ ಸಂಯುಕ್ತದಲ್ಲಿ ಹೇಗೆ ಕೂತಿತ್ತು ಅಂತ ನೇರವಾಗಿ ಹೇಳೋಕೆ ಆಗಲ್ಲ. ಅಣುವನ್ನು ಮುರಿಯದೆ ನೋಡೋದು ರಾಮನ್‌ನ ಕೆಲಸ. 2021ರಲ್ಲಿ ಮಂಗಳಕ್ಕೆ ಇಳಿದ ನಾಸಾದ ಪರ್ಸೆವೆರೆನ್ಸ್‌ನಲ್ಲಿ ಎರಡೂ ಇವೆ.

ಮನೆ ವಿಷಯ. ಪಾಯಿಂಟರ್‌ನಿಂದ ಆಗುತ್ತದಾ ಅಂದರೆ ತಾತ್ವಿಕವಾಗಿ ಹೌದು, ಆದರೆ ಲೇಸರ್‌ನ ಮೂಲ ಬಣ್ಣವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಫಿಲ್ಟರ್ ಬೇಕು, ಇಲ್ಲದಿದ್ದರೆ ಕೋಟಿಗೊಂದು ಫೋಟಾನ್ ಆ ಹಸಿರಿನಲ್ಲಿ ಮುಳುಗಿಹೋಗುತ್ತದೆ. ದುಡ್ಡೆಲ್ಲ ಹೋಗೋದು ಆ ಫಿಲ್ಟರ್‌ಗೇ. ಅಗ್ಗದ ಪಾಯಿಂಟರ್‌ನ ಬಣ್ಣವೂ ಬಿಸಿಯಾದ ಹಾಗೆ ಆಚೀಚೆ ಸರಿಯುತ್ತದೆ, ಪೀಕ್‌ಗಳೆಲ್ಲ ಮಸುಕು. ಅದಕ್ಕಿಂತ ಮುಖ್ಯ: ಈ ಹಸಿರು ಪಾಯಿಂಟರ್‌ಗಳ ಒಳಗೆ 808ರ ಡಯೋಡ್, ಅದರಿಂದ 1064, ಅದನ್ನು ಒಂದು ಹರಳು ಅರ್ಧಕ್ಕೆ ಇಳಿಸಿ 532 ಮಾಡುತ್ತದೆ. ಅಗ್ಗದ್ದರಲ್ಲಿ ಒಳಗಿನ ಅವಗೆಂಪು ಸೋರದಂತೆ ತಡೆಯುವ ಫಿಲ್ಟರ್ ಹಾಕಿರುವುದೇ ಇಲ್ಲ ಎಷ್ಟೋ ಸಲ. ಕಣ್ಣಿಗೆ ಕಾಣಲ್ಲ, ರೆಪ್ಪೆ ಮುಚ್ಚಿಕೊಳ್ಳಲ್ಲ, ರೆಟಿನಾ ಸುಡುತ್ತದೆ. ಸರಿಯಾದ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಡಿವಿಡಿಯನ್ನು ಬಿಸಾಡಬೇಡಿ. ಅದರ ಗೆರೆಗಳ ಅಂತರ 740 ನ್ಯಾನೋಮೀಟರ್, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ಒಳ್ಳೆಯ ಗ್ರೇಟಿಂಗ್. ಹಳೆ ಸಿಎಫ್‌ಎಲ್ ಬಲ್ಬ್ ಇದ್ದರೆ ಸಣ್ಣ ಸೀಳಿನ ಮೂಲಕ ನೋಡಿ, ನೀಲಿಯಲ್ಲಿ ಒಂದು ಚೂಪು ಗೆರೆ ಕಾಣುತ್ತದೆ. ಪಾದರಸದ 435.8 ಅದೇ.

ಫೆಮ್ಟೋ_ಫೆಲೋ

ಜರ್ಮನಿಯಿಂದ ಬರೆಯುತ್ತಿದ್ದೇನೆ, ಕತ್ತಲೆ ರೂಮಿನಲ್ಲಿ ಕೂತು ಲೇಸರ್ ಅಲೈನ್ ಮಾಡೋದೇ ನನ್ನ ಹೊಟ್ಟೆಪಾಡು. ಮೇಲೆ ಎಲ್ಲರೂ ಆಕಾರದ ಬಗ್ಗೆ ಹೇಳಿದ್ದಾರೆ, ಸಿಸ್ ಯಾವುದು ಟ್ರಾನ್ಸ್ ಯಾವುದು ಅಂತ. ಸಿಸ್‌ನಿಂದ ಟ್ರಾನ್ಸ್‌ಗೆ ತಿರುಗುವಾಗಲೇ ನೋಡಬಹುದಾ? ನೋಡಬಹುದು. ನೀವು ಇದನ್ನು ಓದುತ್ತಿರುವ ಕಣ್ಣಿನೊಳಗೇ ಅದು ನಡೆಯುತ್ತಿದೆ. ರೆಟಿನಲ್ ಅನ್ನೋ ಅಣುವಿಗೆ ಬೆಳಕು ಬಿದ್ದರೆ ಸುಮಾರು 200 ಫೆಮ್ಟೋಸೆಕೆಂಡ್‌ನಲ್ಲಿ (ಒಂದು ಫೆಮ್ಟೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು) ಸಿಸ್ ಇದ್ದದ್ದು ಟ್ರಾನ್ಸ್ ಆಗಿಬಿಡುತ್ತದೆ.

ಮಾಮೂಲಿ ಕ್ಯಾಮೆರಾಗೆ ಅಷ್ಟು ವೇಗ ಇಲ್ಲ. ಮಾಡೋದು ಹೀಗೆ: ಒಂದು ಲೇಸರ್ ಮಿಡಿತವನ್ನು ಎರಡಾಗಿ ಒಡೆಯುತ್ತೇವೆ. ಮೊದಲನೆಯದು ಕೆಲಸ ಶುರು ಮಾಡಿಸುತ್ತದೆ, ಎರಡನೆಯದು ಸ್ವಲ್ಪ ತಡವಾಗಿ ಬಂದು ಏನಾಗಿದೆ ಅಂತ ನೋಡುತ್ತದೆ. ತಡ ಮಾಡಿಸೋಕೆ ಗಡಿಯಾರ ಬೇಡ, ಎರಡನೆಯದಕ್ಕೆ ಉದ್ದದ ದಾರಿ ಕೊಟ್ಟರೆ ಸಾಕು. ಸ್ಟೇಜ್ ಮೇಲೆ ಕೂತ ಕನ್ನಡಿಯನ್ನು 0.15 ಮಿಲಿಮೀಟರ್ ಹಿಂದೆ ತಳ್ಳಿದರೆ ಬೆಳಕು ಹೋಗಿ ಬರಬೇಕಾದ್ದರಿಂದ 0.3 ಮಿಲಿಮೀಟರ್ ಜಾಸ್ತಿ ದಾರಿ, ಅಂದರೆ ಒಂದು ಪಿಕೋಸೆಕೆಂಡ್ (ಸಾವಿರ ಫೆಮ್ಟೋಸೆಕೆಂಡ್) ತಡ. ಒಂದು ಮೈಕ್ರಾನ್ ತಳ್ಳಿದರೆ 6.7 ಫೆಮ್ಟೋಸೆಕೆಂಡ್. ಸಮಯವನ್ನು ನಾವು ಸ್ಕ್ರೂನಲ್ಲಿ ಅಳೆಯುತ್ತೇವೆ. ಇದನ್ನೇ ಬಳಸಿ ರಸಾಯನ ವಿಜ್ಞಾನಿ ಅಹಮದ್ ಝೆವೈಲ್ 1987ರಲ್ಲಿ ಅಯೋಡಿನ್ ಸೈನೈಡ್‌ನ ಬಾಂಡ್ ಮುರಿಯೋದನ್ನು ನೋಡಿದರು, ಅದೂ 200 ಫೆಮ್ಟೋಸೆಕೆಂಡ್ ಆಸುಪಾಸು. 1999ರಲ್ಲಿ ಅವರಿಗೆ ನೊಬೆಲ್. ನನಗೆ ಅದಕ್ಕಿಂತ ಇಷ್ಟ ಅವರ ಸೋಡಿಯಂ ಅಯೋಡೈಡ್ ಪ್ರಯೋಗ. ಅಲ್ಲಿ ಬಾಂಡ್ ಥಟ್ಟನೆ ಮುರಿಯೋದಿಲ್ಲ. ಸುಮಾರು 1.2 ಪಿಕೋಸೆಕೆಂಡ್‌ಗೊಮ್ಮೆ ದೂರ ಹೋಗಿ ವಾಪಸ್ ಬರುತ್ತದೆ, ಪ್ರತಿ ಸಲ ಒಂದಿಷ್ಟು ಅಣುಗಳು ಮಾತ್ರ ಕಳಚಿಕೊಳ್ಳುತ್ತವೆ. ಗ್ರಾಫ್‌ನಲ್ಲಿ ಅಲೆ ಅಲೆಯಾಗಿ ಕಾಣುತ್ತದೆ.

ಇಲ್ಲಿ ಒಂದು ಗಂಟು ಇದೆ, ವಿದ್ಯಾರ್ಥಿಗಳು ಅದನ್ನು ಬಿಟ್ಟುಬಿಡುತ್ತಾರೆ. ಮಿಡಿತ ಚಿಕ್ಕದಾದಷ್ಟೂ ಅದರ ಬಣ್ಣ ಅಗಲ ಆಗಲೇಬೇಕು. 100 ಫೆಮ್ಟೋಸೆಕೆಂಡ್ ಮಿಡಿತದ ಅಗಲ ಕಡಿಮೆ ಅಂದರೂ ಸುಮಾರು 150 ವೇವ್‌ನಂಬರ್. ಅದನ್ನೇ ನಿಮ್ಮ ಎಣ್ಣೆಗೆ ಹೊಡೆದು ಮಾಮೂಲಿ ರಾಮನ್ ತೆಗೆದರೆ 1063, 1130 ಎರಡೂ ಕಲಸಿ ಒಂದೇ ಮುದ್ದೆ, 1655-1670 ಬೇರೆ ಮಾಡೋದು ಕನಸು. ಸಮಯ ಹಿಡಿದರೆ ಪೀಕ್ ಹೋಯಿತು, ಪೀಕ್ ಹಿಡಿದರೆ ಸಮಯ ಹೋಯಿತು. ಇದಕ್ಕೆ ಮಾಡಿಕೊಂಡ ಉಪಾಯ ಎರಡು ಥರದ ಮಿಡಿತ ಒಟ್ಟಿಗೆ ಬಳಸೋದು: ಸಪೂರ ಬಣ್ಣದ ಪಿಕೋಸೆಕೆಂಡ್ ಮಿಡಿತ ಒಂದು, ಅಗಲ ಬಣ್ಣದ ಫೆಮ್ಟೋಸೆಕೆಂಡ್ ಮಿಡಿತ ಒಂದು. ಎರಡೂ ಸೇರಿ ಅಣುವಿನ ಕಂಪನವನ್ನು ಒತ್ತಾಯದಿಂದ ಎಬ್ಬಿಸುತ್ತವೆ, ಕೋಟಿಗೊಂದಕ್ಕೆ ಕಾಯಬೇಕಿಲ್ಲ, ಫ್ಲೋರೆಸೆನ್ಸ್ ಗುಡ್ಡವೂ ಅಷ್ಟಾಗಿ ಕಾಡಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಶಿವ ಉಮಾಪತಿಯವರ ಗುಂಪು ಇದೇ ಜಾತಿಯ ಒಂದು ವಿಧಾನ ಬೆಳೆಸಿತು, ಅಲ್ಟ್ರಾಫಾಸ್ಟ್ ರಾಮನ್ ಲಾಸ್ ಸ್ಪೆಕ್ಟ್ರೋಸ್ಕೋಪಿ ಅಂತ. ಆಸಕ್ತಿ ಇದ್ದರೆ ಅವರ ಪೇಪರ್‌ಗಳನ್ನು ಹುಡುಕಿ, ಪಿಎಚ್‌ಡಿ ಯೋಚನೆ ಇದ್ದರಂತೂ ಓದಲೇಬೇಕು.

ಕೊನೆಬೆಂಚು_ಕೆಮಿಸ್ಟ್ರಿ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಗೈಡ್‌ಗೆ ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ತೋರಿಸಿದೆ, ಹೆಪ್ಪುಗಟ್ಟಿದ ವಿಷಯ ಹೇಳಿದೆ. ಕೊಂಚ ಹೊತ್ತು ನೋಡಿ "ಹಾಗಾದರೆ ಉಷ್ಣತೆ ಬದಲಿಸಿ ಒಂದು ಸರಣಿ ತೆಗೆ, ಅದೇ ಒಂದು ಅಧ್ಯಾಯ ಆಗುತ್ತೆ" ಅಂದರು. ಈಗ ಒಂದು ಕೊನೆ ಅನುಮಾನ. 15 ಡಿಗ್ರಿಯಿಂದ 40ರವರೆಗೆ ಅಂತ ಬರೆದುಕೊಂಡರೂ ಲೇಸರ್ ಬಿದ್ದ ಜಾಗವೇ ಬಿಸಿಯಾಗಿ ಕರಗಿದರೆ? ಅಲ್ಲಿನ ನಿಜವಾದ ಉಷ್ಣತೆ ಹೇಗೆ ಗೊತ್ತಾಗುತ್ತದೆ?

ಚದುರಿದ_ಬೆಳಕು

ಒಳ್ಳೆ ಪ್ರಶ್ನೆ. ಆವರ್ತನ ಕಳೆದದ್ದು, ಕೂಡಿದ್ದು ಎರಡೂ ಬರುತ್ತವೆ ಅಂದಿದ್ದೆನಲ್ಲ. ಕೂಡಿದ್ದು, ಅಂದರೆ ಆಂಟಿ-ಸ್ಟೋಕ್ಸ್, ಬರಬೇಕಾದರೆ ಅಣು ಮೊದಲೇ ಕಂಪಿಸುತ್ತಿರಬೇಕು, ಅದು ಬಿಸಿಯನ್ನು ಅವಲಂಬಿಸಿದೆ. ಎರಡರ ಎತ್ತರದ ಅನುಪಾತದಿಂದ ಆ ಬಿಂದುವಿನ ಉಷ್ಣತೆಯನ್ನೇ ಲೆಕ್ಕ ಹಾಕಬಹುದು. ಆದರೆ ಸಾಮಾನ್ಯ ಉಪಕರಣಗಳಲ್ಲಿ ಎಡ್ಜ್ ಫಿಲ್ಟರ್ ಇರುತ್ತದೆ, ಅದು ಆ ಬದಿಯನ್ನೇ ಮುಚ್ಚಿಬಿಡುತ್ತದೆ. ಲೇಸರ್ ಬಣ್ಣವನ್ನಷ್ಟೇ ತಡೆದು ಎರಡೂ ಬದಿ ಬಿಡುವ ನಾಚ್ ಫಿಲ್ಟರ್ ಇದೆಯಾ ಅಂತ ಅಲ್ಲಿನವರನ್ನು ಕೇಳಿ.

ಇಲ್ಲ ಅಂದರೆ ಸುಲಭದ ದಾರಿ: ಒಂದೇ ಉಷ್ಣತೆಯಲ್ಲಿ ಲೇಸರ್ ಪವರ್ ಅರ್ಧ ಮಾಡಿ, ಕಾಲು ಮಾಡಿ ತೆಗೆಯಿರಿ, ಅಷ್ಟಕ್ಕೆ ತಕ್ಕಂತೆ ಸಮಯ ಹೆಚ್ಚಿಸಿ. 1063 ಮತ್ತು 1080ರ ಅನುಪಾತ ಬದಲಾಗದೆ ಇದ್ದರೆ ಲೇಸರ್ ಕರಗಿಸುತ್ತಿಲ್ಲ. ಎಣ್ಣೆ ಬಣ್ಣವಿಲ್ಲದ್ದು, 785ನ್ನು ಅಷ್ಟಾಗಿ ನುಂಗಲ್ಲ, ನನಗೇನೂ ಭಯ ಇಲ್ಲ. ತಣ್ಣಗಾಗುವಾಗ ಒಂದು ಸರಣಿ, ಬಿಸಿಯಾಗುವಾಗ ಒಂದು ಸರಣಿ ಎರಡನ್ನೂ ತೆಗೆಯಿರಿ. ಹೆಪ್ಪುಗಟ್ಟುವ ಉಷ್ಣತೆ, ಕರಗುವ ಉಷ್ಣತೆ ಒಂದೇ ಬರಲ್ಲ, ಎಣ್ಣೆ 24ಕ್ಕಿಂತ ಕೆಳಗೂ ಸುಮಾರು ಹೊತ್ತು ದ್ರವವಾಗಿಯೇ ಸತಾಯಿಸುತ್ತದೆ. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕಿ.